ಓಡ್ತಾ ಓಡ್ತಾ ಒಂದು ಕಾಲು ಎತ್ತುವ ಯಾರ್ಕಿ

ಡೊಂಬಿವಲಿಯಿಂದ ಒಬ್ಬ ಓದುಗರ ಪ್ರಶ್ನೆ: "ನಮ್ಮ ಯಾರ್ಕ್‌ಶೈರ್ ಟೆರಿಯರ್‌ ನಾಯಿಗೆ, ಅಂದರೆ ಯಾರ್ಕಿಗೆ, ಎರಡು ವರ್ಷ. ಓಡ್ತಾ ಓಡ್ತಾ ಹಿಂದಿನ ಒಂದು ಕಾಲು ಎತ್ತಿಬಿಡುತ್ತದೆ. ನಾಲ್ಕು ಹೆಜ್ಜೆ ಕುಂಟುತ್ತದೆ, ಆಮೇಲೆ ಏನೂ ಆಗದ ಹಾಗೆ ಓಡುತ್ತದೆ. ಮುಟ್ಟಿದರೆ ಕುಂಯ್ ಅನ್ನಲ್ಲ. ಡಾಕ್ಟರಿಗೆ ತೋರಿಸಬೇಕಾ, ಸುಮ್ನೆ ಬಿಡಬಹುದಾ?"

ತೋರಿಸಿ. ಆದರೆ ರಾತ್ರೋರಾತ್ರಿ ರಿಕ್ಷಾ ಹಿಡಿದು ಓಡುವಂಥದ್ದಲ್ಲ.

ನೀವು ಹೇಳಿದ್ದು ಮಂಡಿಚಿಪ್ಪು ಜಾರುವ ಲಕ್ಷಣದ ಹಾಗಿದೆ. ಡಾಕ್ಟರುಗಳು ಪಟೆಲ್ಲರ್ ಲಕ್ಸೇಷನ್ ಅನ್ನುತ್ತಾರೆ. ನಿಮ್ಮ ಫ್ಲ್ಯಾಟಿನ ಸ್ಲೈಡಿಂಗ್ ಕಿಟಕಿ ನೋಡಿ. ಕೆಳಗಿನ ಪಟ್ಟಿ ಆಳವಾಗಿದ್ದರೆ ಗಾಜು ನೆಟ್ಟಗೆ ಜಾರುತ್ತದೆ, ಸವೆದಿದ್ದರೆ ಪಕ್ಕಕ್ಕೆ ತಪ್ಪುತ್ತದೆ. ತೊಡೆಮೂಳೆಯ ತುದಿಯಲ್ಲೂ ಮಂಡಿಚಿಪ್ಪಿಗೆ ಅಂಥದ್ದೇ ಒಂದು ಕಾಲುವೆ ಇದೆ. ಎಷ್ಟೋ ಸಣ್ಣ ತಳಿಗಳಲ್ಲಿ ಅದು ಹುಟ್ಟಿನಿಂದಲೇ ಆಳ ಕಮ್ಮಿ. ಚಿಪ್ಪು ಸಾಮಾನ್ಯವಾಗಿ ಒಳಗಡೆಗೆ ಜಾರುತ್ತದೆ, ಕಾಲು ಸಿಕ್ಕಿಕೊಳ್ಳುತ್ತದೆ. ನಾಯಿ ಒಮ್ಮೆ ಕಾಲು ಹಿಂದಕ್ಕೆ ಝಾಡಿಸಿದರೆ ಚಿಪ್ಪು ವಾಪಸ್ ಕೂರುತ್ತದೆ. ಅದೇ ಆ ನಾಲ್ಕು ಹೆಜ್ಜೆ.

ಹೋಗುವ ಮೊದಲು ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳಿ. ನಮ್ಮ ನಾಯಿ ಗುಂಡ ಮನೆಯಲ್ಲಿ ವಾರವಿಡೀ ಕುಂಟಿ, ಕ್ಲಿನಿಕ್ಕಿನಲ್ಲಿ ಮಾತ್ರ ಮದುಮಗನ ಹಾಗೆ ನಡೆದಿದ್ದ. "ಏನೂ ಇಲ್ವಲ್ಲ" ಅಂತ ಕಳಿಸಿಬಿಟ್ಟರು.

ಇದರಲ್ಲಿ ನಾಲ್ಕು ಗ್ರೇಡ್. 1ರಲ್ಲಿ ಡಾಕ್ಟರ್ ಬೆರಳಿನಿಂದ ಒತ್ತಿದರೆ ಜಾರುತ್ತದೆ, ಬಿಟ್ಟರೆ ತಾನೇ ಕೂರುತ್ತದೆ. 2ರಲ್ಲಿ ಆಗಾಗ ತಾನಾಗಿ ಜಾರುತ್ತದೆ. 3ರಲ್ಲಿ ಹೆಚ್ಚು ಹೊತ್ತು ಹೊರಗೇ ಇರುತ್ತದೆ, ಕೈಯಿಂದ ಕೂರಿಸಬಹುದು. 4ರಲ್ಲಿ ಕೂರಿಸಲೂ ಆಗಲ್ಲ. ಆಪರೇಷನ್ ಮಾತು ಸಾಮಾನ್ಯವಾಗಿ 3, 4ಕ್ಕೆ. 2ರಲ್ಲೂ ನೋವು, ಕುಂಟು ಜಾಸ್ತಿಯಾದರೆ ಬರುತ್ತದೆ.

ಮನೆಯಲ್ಲಿ ನೀವು ಮಾಡುವ ಮುಖ್ಯ ಕೆಲಸ ತೂಕ ಹಿಡಿತದಲ್ಲಿಡುವುದು. ಯಾರ್ಕಿ ಅಂದರೆ ಸುಮಾರು 3 ಕೆಜಿಯ ಪ್ರಾಣಿ. ಅದಕ್ಕೆ 300 ಗ್ರಾಂ ಜಾಸ್ತಿಯಾಯಿತು ಅಂದರೆ 60 ಕೆಜಿಯವರಿಗೆ 6 ಕೆಜಿ ಏರಿದ ಹಾಗೆ. ಮುಂಬೈ ಮಳೆಗಾಲದಲ್ಲಿ ವಾಕಿಂಗ್ ನಿಲ್ಲುತ್ತದೆ, ಅಜ್ಜಿ ಕೊಡುವ ತುಪ್ಪದ ದೋಸೆ ಚೂರು ನಿಲ್ಲಲ್ಲ! ತುಪ್ಪ, ಕರಿದದ್ದು ಕೊಟ್ಟರೆ ಮಂಡಿ ಒಂದೇ ಅಲ್ಲ, ಮೇದೋಜೀರಕ ಗ್ರಂಥಿಯೂ ಊದಿಕೊಳ್ಳಬಹುದು. ಯಾರ್ಕಿಗಳಿಗೆ ಆ ತೊಂದರೆ ಹೊಸದೇನಲ್ಲ.

ಆಮೇಲೆ ನೆಲ. ನುಣುಪು ಟೈಲ್ಸ್ ಮೇಲೆ ಬಾಗಿಲ ಬೆಲ್ ಕೇಳಿ ತಿರುಗುವ ನಾಯಿಯ ಹಿಂಗಾಲು ನೋಡಿದ್ದೀರಾ? ಸ್ಕೇಟಿಂಗ್! ಅಟ್ಟದ ಮೇಲೆ ನವಲಗುಂದದ ಜಮಖಾನ ಮಡಚಿಟ್ಟಿದ್ದರೆ ಇಳಿಸಿ ಹಾಸಿ. ಅದರ ಕೆಳಗೆ ರಬ್ಬರ್ ಜಾಲರಿ ಇರಲಿ, ಇಲ್ಲದಿದ್ದರೆ ಜಮಖಾನವೇ ಜಾರುತ್ತದೆ. ನಡೆಯುವಾಗ ಉಗುರು ಟಕ್‌ಟಕ್ ಅಂದರೆ ಕತ್ತರಿಸುವ ಹೊತ್ತಾಯಿತು ಅಂತ ಅರ್ಥ. ಪಾದದಡಿಯ ಕೂದಲನ್ನೂ ಕತ್ತರಿಸಿ. ಸೋಫಾದಿಂದ ಹಾರುವುದು ಕಮ್ಮಿಯಾಗಲಿ. ಕೊರಳಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ; ಅದು ಮಂಡಿಗಲ್ಲ, ಈ ತಳಿಯ ಮೆತ್ತಗಿನ ಶ್ವಾಸನಾಳಕ್ಕೆ.

ಒಂದು ಮಾತ್ರ ಮಾಡಲೇಬೇಡಿ. ನೋವಿರಬಹುದು ಅಂತ ಮನೆಯ ಡಬ್ಬಿಯಿಂದ ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಚೂರು ಮಾಡಿ ಕೊಡುವುದು. ಇಷ್ಟು ಸಣ್ಣ ದೇಹಕ್ಕೆ ಅರ್ಧ ಮಾತ್ರೆಯೂ ಅಪಾಯ.

ಎಲ್ಲ ಕುಂಟೂ ಮಂಡಿಚಿಪ್ಪಿನದೇ ಅಲ್ಲ. ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟಿ, ಜೊತೆಗೆ ಜ್ವರ, ಊಟ ಬೇಡ, ವಸಡು ಬಿಳಚಿದ್ದರೆ ಅದು ಉಣ್ಣಿ ಹುಳ ಕಚ್ಚಿ ಬರುವ ಟಿಕ್ ಫೀವರ್ ಇರಬಹುದು. ಆಗ ಅವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಕಾಲನ್ನು ನೆಲಕ್ಕೆ ಊರುವುದನ್ನೇ ಪೂರ್ತಿ ಬಿಟ್ಟರೂ ಅಷ್ಟೇ, ಕಾಯಬೇಡಿ.