ಧಾರವಾಡ ಸೀಮೆಯ ವಂಡಾ: ಮರದ ಜೊತೆ ನೆಲಕ್ಕುರುಳಿದ ಆರ್ಕಿಡ್

ಆರ್ಕಿಡ್ ಅಂದಕೂಡಲೇ ಪಶ್ಚಿಮ ಘಟ್ಟದ ದಟ್ಟ ಕಾಡು ಕಣ್ಣಮುಂದೆ ಬರುತ್ತದೆ. ಆದರೆ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ 1795ರಲ್ಲೇ ವಿವರಿಸಿದ, ಮರದ ಮೇಲೆ ಬೆಳೆಯುವ ವಂಡಾ ಟೆಸೆಲ್ಲೇಟಾ ಎಂಬ ಆರ್ಕಿಡ್ ಬಯಲುಸೀಮೆಯ ಬಿಸಿಲಿಗೂ ಒಗ್ಗಿದ ಜಾತಿ. ಒಣ ಎಲೆಯುದುರುವ ಕಾಡು, ಹಳೇ ಮಾವಿನ ತೋಟ, ಸಾಲುಮರಗಳೇ ಇದರ ನೆಲೆ. ಮಲೆನಾಡು ಮುಗಿದು ಎರೆಹೊಲ ಶುರುವಾಗುವ ಧಾರವಾಡ, ಹಾನಗಲ್ ಭಾಗ ಇದಕ್ಕೆ ಹೇಳಿ ಮಾಡಿಸಿದಂಥ ಜಾಗ.

ಹಳದಿ ಹೂವಿನ ಮೇಲೆ ಕಂದು ಗೆರೆಗಳ ಬಲೆ, ನಡುವೆ ನೇರಳೆ ಎಸಳು, ಒಳ್ಳೆಯ ಪರಿಮಳ. ನಾನಂತೂ ಮೊದಲು ಬೇರು ನೋಡಿ ಅನ್ನುತ್ತೇನೆ. ಒಣಗಿದ್ದಾಗ ಬೂದಿ ಬಳಿದಂತಿರುತ್ತದೆ. ಮಳೆ ತಾಗಿದರೆ ನೋಡುತ್ತಿದ್ದಂತೆ ಹಸಿರಾಗುತ್ತದೆ. ಹೊರಪದರದ ಸತ್ತ ಕೋಶಗಳು ನೀರು ಹೀರಿದಾಗ ಒಳಗಿನ ಹಸಿರು ಕಾಣುವುದೇ ಇದಕ್ಕೆ ಕಾರಣ. ಎಲೆಯ ರಂಧ್ರಗಳು ತೆರೆಯುವುದು ರಾತ್ರಿ, ಹಗಲಲ್ಲಿ ನೀರು ಹೆಚ್ಚು ಆರಿಹೋಗುವುದಿಲ್ಲ; ಹಾಗಾಗಿ ಏಪ್ರಿಲ್ ಬಿಸಿಲಲ್ಲೂ ಗಿಡ ತಡೆಯುತ್ತದೆ.

ಬಂದಳಿಕೆಯಂತೆ ಇದು ಮರದ ರಸ ಹೀರುವುದಿಲ್ಲ, ತೊಗಟೆ ಹಿಡಿದು ನಿಲ್ಲುತ್ತದೆ ಅಷ್ಟೆ. ಎರಡೂ ಒಂದೇ ಎಂದುಕೊಂಡು ಇದನ್ನೂ ಕಿತ್ತೊಗೆಯುವುದು ಬೇಸರದ ಸಂಗತಿ.

ದೂಳಿನಂಥ ಇದರ ಬೀಜದಲ್ಲಿ ಆಹಾರವೇ ಇಲ್ಲ. ತೊಗಟೆಯ ಬಿರುಕಿನಲ್ಲಿ ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳಕೆ. ಒರಟು ತೊಗಟೆಯ ಹಳೇ ಮರ ಬೇಕಾಗುವುದು ಅದಕ್ಕೇ. ಸಿಪ್ಪೆ ಸುಲಿದುಕೊಳ್ಳುವ ನೀಲಗಿರಿ ಇದಕ್ಕೆ ಆಗಿಬರುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೂ ಎಕರೆಗಟ್ಟಲೆ ನೀಲಗಿರಿಯೇ ಬೆಳೆದು ನಿಂತಿತು. ಇತ್ತ ಊರು ಬೆಳೆದಂತೆ ಮಾವಿನ ತೋಟಗಳು ಪ್ಲಾಟುಗಳಾದವು. ಹುಬ್ಬಳ್ಳಿ-ಧಾರವಾಡ ನಡುವಿನ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ರಸ್ತೆಗೆ ದೊಡ್ಡ ಮರಗಳು ಹೋದವು.

ಕಾನೂನು ಇರಲಿಲ್ಲ ಅಂತಲ್ಲ. 1975ರಲ್ಲಿ ಜಾರಿಗೆ ಬಂದ, ಅಳಿವಿನಂಚಿನ ಜೀವಿಗಳ ವ್ಯಾಪಾರದ ಕುರಿತ ಸೈಟಿಸ್ ಒಪ್ಪಂದ ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಆದರೆ ನಮ್ಮ ಸೀಮೆಯ ವಂಡಾಕ್ಕೆ ಕುತ್ತು ತಂದದ್ದು ವ್ಯಾಪಾರವಲ್ಲ, ಕೊಡಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಸಾಮಾನ್ಯವಾಗಿ ಅನುಮತಿ ಬೇಕು. ಆದರೆ ಆ ಲೆಕ್ಕ ನಡೆಯುವುದು ಮರಕ್ಕೆ, ಮರದ ಮೇಲಿನ ಜೀವಕ್ಕಲ್ಲ.

ಮರಗಣತಿಯ ಪಟ್ಟಿಗೆ ಆರ್ಕಿಡ್‌ನ ಒಂದು ಕಾಲಂ ಸೇರಿಸುವುದು ಕಷ್ಟದ ಕೆಲಸವೇನಲ್ಲ. ಅನುಮತಿ ಪಡೆದು ಉರುಳಿಸಿದ ಮರದಲ್ಲಿ ವಂಡಾ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ತೊಗಟೆ ಸಮೇತ ಬಿಡಿಸಿ, ಮಳೆಗಾಲದ ಆರಂಭದಲ್ಲಿ ಇನ್ನೊಂದು ಹಳೇ ಮಾವಿಗೆ ತೆಂಗಿನ ನಾರಿನಿಂದ ಕಟ್ಟಬಹುದು. ಮಣ್ಣು ಹಾಕಬಾರದು, ಬೇರಿಗೆ ಗಾಳಿ ಆಡಬೇಕು.