ಪಂಜಾಬಿನ ಸೂತ್ರ, ಎರೆಮಣ್ಣಿನ ಕಾಲುವೆ

ಕೃಷ್ಣಾ ನದಿಯ ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಅಳಲು ಹಳೆಯದು: ನೀರು ಬಿಟ್ಟರೂ ತಮ್ಮ ಹೊಲ ಮುಟ್ಟುವುದಿಲ್ಲ. ಕಾರಣಗಳು ಹಲವು, ಅದರಲ್ಲಿ ಹೂಳೂ ಒಂದು. ವಿತರಣಾ ಕಾಲುವೆಯ ತಳದಲ್ಲಿ ಮಣ್ಣು ಕೂತು, ಅದರಲ್ಲಿ ಜೊಂಡು ಬೇರು ಬಿಟ್ಟರೆ ನೀರು ಮುಂದೆ ಸಾಗುವುದೇ ಕಷ್ಟ. ಈ ಹೂಳು ಯಾವಾಗ, ಎಷ್ಟು ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಲು ಈಗ ನ್ಯೂರಲ್ ನೆಟ್‌ವರ್ಕ್, ಅಂದರೆ ಹಳೆಯ ಅಳತೆಗಳಿಂದ ತಾನೇ ಕಲಿಯುವ ಕಂಪ್ಯೂಟರ್ ಲೆಕ್ಕ, ಬಳಸಬಹುದು. ಆದರೆ ಲೆಕ್ಕದ ಹಂಬಲ ಶುರುವಾಗಿ ನೂರು ವರ್ಷ ದಾಟಿದೆ.

1895ರಲ್ಲಿ ಆರ್.ಜಿ. ಕೆನಡಿ ಎಂಬ ಎಂಜಿನಿಯರ್ ಪಂಜಾಬಿನ ಅಪ್ಪರ್ ಬಾರಿ ದೋಆಬ್ ಕಾಲುವೆಗಳನ್ನು ಅಳೆದು, ಹೂಳೂ ಕೂರದ, ತಳವೂ ಕೊರೆಯದ ವೇಗಕ್ಕೆ ಸೂತ್ರ ಕೊಟ್ಟರು. 1930ರಲ್ಲಿ ಜೆರಾಲ್ಡ್ ಲೇಸಿ ಅದಕ್ಕೆ ಕಣದ ಗಾತ್ರವನ್ನೂ ಸೇರಿಸಿದರು. 1936ರಲ್ಲಿ ಬರ್ಲಿನ್‌ನಲ್ಲಿ ಶೀಲ್ಡ್ಸ್, 1950ರಲ್ಲಿ ಆಲ್ಬರ್ಟ್ ಐನ್‌ಸ್ಟೈನರ ಮಗ ಹಾನ್ಸ್ ಆಲ್ಬರ್ಟ್ ಇದನ್ನೇ ಮುಂದುವರಿಸಿದರು. ಇವರೆಲ್ಲರ ಆಧಾರ ಬಹುಮಟ್ಟಿಗೆ ಬಿಡಿಬಿಡಿ ಮರಳು ಕಣ.

ಸುರಪುರ, ಶಹಾಪುರದ ಎರೆಮಣ್ಣಿನ ಸ್ವಭಾವವೇ ಬೇರೆ. ಅದರ ಜೇಡಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ಮುಳುಗುತ್ತವೆ. ವಾರಾಬಂದಿಯ, ಅಂದರೆ ಸರದಿಯಂತೆ ನೀರು ಬಿಡುವ ಪದ್ಧತಿಯ, ಬಂದ್ ಅವಧಿಯಲ್ಲಿ ತಳದಲ್ಲಿ ಬಿಗಿದುಕೊಂಡರೆ, ಅವನ್ನು ಮತ್ತೆ ಎಬ್ಬಿಸಲು ಹೆಚ್ಚಿನ ರಭಸ ಬೇಕು. ಮರಳಿನ ಸೂತ್ರ ಇಲ್ಲಿ ಎಡವುವುದು ಸಹಜ.

1986ರಲ್ಲಿ ರೂಮಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಅವರ ಪ್ರಬಂಧದಿಂದ ನ್ಯೂರಲ್ ನೆಟ್‌ವರ್ಕ್‌ಗೆ ಪಾಠ ಹೇಳುವ ವಿಧಾನ ಜನಪ್ರಿಯವಾಯಿತು. ಶತಮಾನ ತಿರುಗುವ ಹೊತ್ತಿಗೆ ಜಲವಿಜ್ಞಾನಿಗಳೂ ಅದನ್ನು ಹಿಡಿದರು. ಇದಕ್ಕೆ ಸೂತ್ರ ಕೊಡಬೇಕಿಲ್ಲ. ಹರಿವು, ಆಳ, ಮಳೆ, ಜೊತೆಗೆ ಅಂದು ಅಳೆದ ಹೂಳು, ಇಷ್ಟನ್ನು ಕೊಟ್ಟರೆ ತನ್ನ ಊಹೆಗೂ ಅಳತೆಗೂ ಇರುವ ಅಂತರ ನೋಡಿ ತನ್ನೊಳಗಿನ ತೂಕಗಳನ್ನು (ಯಾವ ಅಂಶಕ್ಕೆ ಎಷ್ಟು ಬೆಲೆ ಎನ್ನುವ ಅಂಕಿಗಳನ್ನು) ಮತ್ತೆ ಮತ್ತೆ ತಿದ್ದಿಕೊಳ್ಳುತ್ತದೆ. ಭೀಮಾ ದಂಡೆಯವರಿಗೆ ಗೊತ್ತು: ಮುಂಗಾರಿನ ಹೊಸ ನೀರು ಹೊತ್ತು ತರುವಷ್ಟು ಮಣ್ಣನ್ನು ಅಷ್ಟೇ ಪ್ರಮಾಣದ ಸೆಪ್ಟೆಂಬರ್ ನೀರು ತರುವುದಿಲ್ಲ. ಹರಿವಿಗೊಂದು ಹೂಳು ಎನ್ನುವ ಒಂಟಿ ಗೆರೆಯ ಲೆಕ್ಕ ಇಲ್ಲಿ ಸೋಲುತ್ತದೆ. ಹಿಂದಿನ ದಿನಗಳ ಮಳೆ, ಹರಿವನ್ನೂ ಕೊಟ್ಟರೆ ನೆಟ್‌ವರ್ಕ್ ಈ ವ್ಯತ್ಯಾಸ ಹಿಡಿಯಬಲ್ಲದು.

ಅದರ ಮಿತಿಯೂ ದೊಡ್ಡದು. ಸಾಧಾರಣ ವರ್ಷಗಳನ್ನಷ್ಟೇ ಕಲಿತ ನೆಟ್‌ವರ್ಕ್, 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಬಂದಂಥ ಪ್ರವಾಹದ ಮುಂದೆ ನಂಬಿಕೆಗೆ ಅರ್ಹವಲ್ಲ. ಅಮೆರಿಕದ ಮಿಸಿಸಿಪ್ಪಿ ನದಿಯ ಅಂಕಿಗಳಿಂದ ಕಲಿತದ್ದನ್ನು ಎರೆಮಣ್ಣಿಗೆ ತಂದರೆ ಪಂಜಾಬಿನ ಸೂತ್ರ ತಂದಂತೆಯೇ ಆಗುತ್ತದೆ.

ಹಾಗಾಗಿ ನನ್ನ ಕಳಕಳಿ ಕಂಪ್ಯೂಟರಿನದ್ದಲ್ಲ, ಬಾಟಲಿಯದ್ದು. ಕೇಂದ್ರ ಜಲ ಆಯೋಗದ ಪದ್ಧತಿ ಸರಳ: ನದಿಯ ನೀರನ್ನು ಬಾಟಲಿಯಲ್ಲಿ ಹಿಡಿದು, ಸೋಸಿ, ಒಣಗಿಸಿ, ತೂಗುತ್ತಾರೆ. 0.2 ಮಿಲಿಮೀಟರ್‌ಗಿಂತ ದಪ್ಪನೆಯದು ಒರಟು, 0.075ಕ್ಕಿಂತ ಸಣ್ಣದು ನಯ, ನಡುವಿನದು ಮಧ್ಯಮ. 2023ರ ಜನವರಿಯಲ್ಲಿ ಕೊಡೇಕಲ್‌ನಲ್ಲಿ ಉದ್ಘಾಟನೆಯಾದ ಆಧುನೀಕರಣದಿಂದ ಎಡದಂಡೆ ಕಾಲುವೆಗೆ ಸ್ಕಾಡಾ ಗೇಟುಗಳು, ಅಂದರೆ ದೂರದಿಂದಲೇ ಕಂಪ್ಯೂಟರ್ ಮೂಲಕ ನಿಯಂತ್ರಿಸುವ ಗೇಟುಗಳು, ಬಂದಿವೆ. ಗೇಟು ಹರಿವಿನ ಲೆಕ್ಕ ಕೊಡುತ್ತದೆ, ಮಣ್ಣಿನದ್ದಲ್ಲ. ಅದಕ್ಕೆ ಪ್ರತಿ ಶಾಖಾ ಕಾಲುವೆಯ ಬಾಯಲ್ಲಿ, ಹೊಸ ನೀರಿನ ದಿನಗಳಲ್ಲಿ ನಿತ್ಯವೂ ಬಾಟಲಿ ತುಂಬಬೇಕು. ಬೇಸಿಗೆಯಲ್ಲಿ ಜೆಸಿಬಿ ಇಳಿಸಿ ಹೂಳೆತ್ತುವ ಮುನ್ನ ಎಷ್ಟು ಅಡಿ ಕೂತಿತ್ತೆಂದು ಅಳೆದು ಬರೆದಿಡಬೇಕು. ಎತ್ತಿ ದಂಡೆಗೆ ಸುರಿದ ಮೇಲೆ ಆ ಅಂಕಿ ಸಿಗುವುದಿಲ್ಲ.