ರಜೆ ಮುಗಿಯುತ್ತಾ ಬಂತು, ಮಗನಿಗೆ ಹುರುಪೇ ಇಲ್ಲ. ಏನು ಮಾಡಲಿ?

ಪ್ರಶ್ನೆ: ನಮ್ಮದು ಆಲ್ದೂರು ಹತ್ತಿರದ ಹಳ್ಳಿ. ಮಗ ಈ ಸಲ ಹತ್ತನೇ ಕ್ಲಾಸು. ಶಾಲೆ ಶುರುವಾಗಲು ಹತ್ತೇ ದಿನ ಉಳಿದಿದೆ. ರಾತ್ರಿ ಒಂದರವರೆಗೆ ಮೊಬೈಲು, ಬೆಳಿಗ್ಗೆ ಹತ್ತಾದರೂ ಏಳುವುದಿಲ್ಲ. ಪುಸ್ತಕ ಅಂದರೆ ಮುಖ ತಿರುಗಿಸುತ್ತಾನೆ. ಹೇಗೆ ದಾರಿಗೆ ತರಲಿ?

ಉತ್ತರ: ಬುದ್ಧಿಮಾತು ಸ್ವಲ್ಪ ದಿನ ಪಕ್ಕಕ್ಕಿಡಿ, ಮೊದಲು ನಿದ್ದೆ ಸರಿಮಾಡಿ. ಮೂಡಿಗೆರೆಯಲ್ಲಿ ಪಾಠ ಹೇಳುವ ನಾನು ಪ್ರತಿ ಜೂನ್‌ನಲ್ಲೂ ಮೊದಲ ಪೀರಿಯಡ್ಡಿನಲ್ಲಿ ನಿದ್ದೆಗಣ್ಣಿನ ಮಕ್ಕಳನ್ನೇ ನೋಡುತ್ತೇನೆ. ಅವರನ್ನು ಸೋಮಾರಿಗಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ; ಒಂಬತ್ತಕ್ಕೇ ಮಲಗು ಎಂದು ಗದರಿದರೂ ಕಣ್ಣು ಹತ್ತುವುದಿಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬಸ್ಸು ಹಿಡಿಯಲು ಆರೂವರೆಗೆ ಏಳುವವನು ಹತ್ತೂವರೆಗಾದರೂ ಮಲಗಿರಬೇಕು.

ಒಂದೇ ದಿನಕ್ಕೆ ಇದು ಆಗದು. ನಾಳೆಯಿಂದ ದಿನಾ 20 ನಿಮಿಷ ಬೇಗ ಎಬ್ಬಿಸುತ್ತಾ ಹೋಗಿ, ಹತ್ತು ದಿನಕ್ಕೆ ಮೂರು ಗಂಟೆಗೂ ಮೇಲೆ ಆಯಿತು. ಎದ್ದ ಕೂಡಲೇ ಅಂಗಳಕ್ಕೆ ಕಳಿಸಿ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು, ದೇಹದ ಗಡಿಯಾರ ತಿರುಗುವುದು ಆ ಬೆಳಕಿನಿಂದ. ಕಾಫಿ ಸೀಮೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು: ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಅವನ ಲೋಟಕ್ಕೆ ಸಂಜೆ ಬರೀ ಹಾಲು ಕೊಡಿ. ಮೊಬೈಲು ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗಿರಲಿ, ನಿಮ್ಮದೂ ಅಲ್ಲೇ ಇದ್ದರೆ ಅವನು ವಾದಕ್ಕೆ ನಿಲ್ಲುವುದಿಲ್ಲ.

ಓದಿನ ವಿಷಯ. ಹೊಸ ಪುಸ್ತಕ ಬೇಡ. ಒಂಬತ್ತನೆಯದರ ಒಂದು ಪಾಠ ಆರಿಸಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆಯಲಿ, ಆಮೇಲೆ ತೆರೆದು ನೋಡಲಿ. ಹದಿನೈದು ನಿಮಿಷ ಸಾಕು. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ಬರೆದಿದ್ದಾನೆ. ಎರಡು ದಿನ ಬಿಟ್ಟು ಅದೇ ಪಾಠ ಮತ್ತೆ ಬರೆದರೆ ಹೆಚ್ಚು ಉಳಿಯುತ್ತದೆ, ನನಗೆ ಗೊತ್ತು ಎಂಬ ಧೈರ್ಯವೂ ಬರುತ್ತದೆ.

ಮನೆಗೆ ಬಂದವರೆಲ್ಲ "ಈ ವರ್ಷ ಎಸ್ಸೆಸ್ಸೆಲ್ಸಿ ಅಲ್ವೇನೋ" ಎನ್ನುವುದನ್ನು ದಯವಿಟ್ಟು ತಡೆಯಿರಿ. ಎರಡು ವಾರ ಕಳೆದರೂ ಊಟ, ಆಟ, ಗೆಳೆಯರು ಯಾವುದೂ ಬೇಡವೆನ್ನುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮತ್ತೆ, ಮಳೆ. ಕೊಟ್ಟಿಗೆಹಾರದ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಜೂನ್ ಪೂರ್ತಿ ಮಂಕಾಗಿ ಕೂತಿರುತ್ತಿದ್ದಳು. ಓದಲು ಇಷ್ಟವಿಲ್ಲವೇನೋ ಎಂದುಕೊಂಡಿದ್ದೆ. ಒಂದು ದಿನ ಬೆಂಚಿನ ಕೆಳಗೆ ನೋಡಿದರೆ ಶೂ ಬಿಚ್ಚಿ, ಚಳಿಗೆ ಸುಕ್ಕುಗಟ್ಟಿದ ಪಾದಗಳನ್ನು ಒಂದರ ಮೇಲೊಂದು ಒತ್ತಿಕೊಂಡಿದ್ದಳು. ಬೆಳಿಗ್ಗೆ ನೆಂದ ಸಾಕ್ಸು ಸಂಜೆಯವರೆಗೂ ಅದೇ. ಮಾರನೆಯ ದಿನದಿಂದ ಅವಳಮ್ಮ ಬಚ್ಚಲ ಒಲೆಯ ಮೇಲೆ ಒಣಗಿಸಿದ ಇನ್ನೊಂದು ಜೊತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ ಕಳಿಸತೊಡಗಿದರು. ನಿಮ್ಮ ಮಗನ ಬ್ಯಾಗಿಗೂ ಒಂದು ಜೊತೆ ಹಾಕಿಡಿ.